ಬಂದೂಕಿಗೆ ಕಟ್ಟಿದ ಬೆಳಕು

ಬೇಡ ನಾಯಕರ ಸಂಸ್ಥಾನವಾಗಿದ್ದ ಗುರುಗುಂಟಾ ಈಗ ಲಿಂಗಸುಗೂರು ತಾಲ್ಲೂಕಿನ ಒಂದು ಊರು. ಬೇಟೆ ಅಲ್ಲಿ ಒಂದು ಕಾಲಕ್ಕೆ ಕಸುಬೂ ಹೌದು, ಗೌರವವೂ ಹೌದು. ನಾನು ಹುಡುಗನಾಗಿದ್ದಾಗ ನಮ್ಮ ಓಣಿಯ ಹಿರಿಯರೊಬ್ಬರ ಮನೆಯಲ್ಲಿ ಬೆಳೆರಕ್ಷಣೆಗೆಂದು ಪರವಾನಗಿ ಪಡೆದ ತೋಟಾ ಬಂದೂಕೊಂದಿತ್ತು. ಅವರನ್ನು ನಾವೆಲ್ಲ ಕಾಕಾ ಎಂದೇ ಕರೆಯುತ್ತಿದ್ದೆವು. ಸೇಂಗಾ ಬಲಿಯುವ ದಿನಗಳಲ್ಲಿ ಕಾಡುಹಂದಿಗಳು ಹೊಲಕ್ಕೆ ನುಗ್ಗತೊಡಗಿದರೆ ಆ ಬಂದೂಕು ರಾತ್ರಿಗೆ ಸಿದ್ಧವಾಗುತ್ತಿತ್ತು.

ಸಿದ್ಧತೆಯೇ ಒಂದು ಕೆಲಸ. ಮೂರು ಸೆಲ್ಲಿನ ಬ್ಯಾಟರಿಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ನಳಿಗೆಗೆ ಬಿಗಿಯಬೇಕು. ಅದರ ಗುಂಡಿ ಎಡಗೈ ಹೆಬ್ಬೆರಳಿಗೆ ತಡಕಾಡದೆ ಸಿಗಬೇಕು. ಕತ್ತಲೆಯಲ್ಲಿ ಕಾಣದ ನಳಿಗೆ ತುದಿಯ ಮಣಿಗೆ ಸುಣ್ಣ ಹಚ್ಚಬೇಕು. ಮುಸ್ಸಂಜೆಯಲ್ಲಿ ಗೋಡೆಗೆ ಬೆಳಕು ಬಿಟ್ಟು, ಬೆಳಕಿನ ನಡುವೂ ಬಂದೂಕಿನ ಗುರಿಯೂ ಒಂದೇ ಕಡೆ ಬೀಳುವುದೇ ಎಂದು ನೋಡಬೇಕು. ಗುಂಡು ಹಾರಿದ ಪೆಟ್ಟಿಗೆ ಬಲ್ಬಿನ ತಂತಿ ಕಡಿದುಹೋಗುವುದುಂಟಾದ್ದರಿಂದ ಇನ್ನೊಂದು ಬಲ್ಬು ಕಿಸೆಯಲ್ಲಿರಬೇಕು.

ಇದೇನೂ ಕಾಕಾ ಕಂಡುಹಿಡಿದದ್ದಲ್ಲ. 125 ಜನರನ್ನು ಕೊಂದ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಜಿಮ್ ಕಾರ್ಬೆಟ್ 1926ರ ಮೇ ತಿಂಗಳ ಒಂದು ರಾತ್ರಿ ಹೊಡೆದದ್ದು ರೈಫಲ್ಲಿಗೆ ಜೋಡಿಸಿದ್ದ ಬ್ಯಾಟರಿಯ ಬೆಳಕಿನಲ್ಲಿಯೇ. ತೇಜಸ್ವಿಯವರ ಕನ್ನಡದಲ್ಲಿ ಆ ಕಥನವನ್ನು ಓದಿದವರಿಗೆ ಈ ಸಂಗತಿ ಗೊತ್ತಿರುತ್ತದೆ. ಬೆಳಕು ಅಲ್ಲಿ ಮನುಷ್ಯನ ಪ್ರಾಣ ಉಳಿಸುವ ಕೆಲಸಕ್ಕೆ ಒದಗಿತ್ತು.

ಒಂದು ರಾತ್ರಿ ಕಾಕಾನ ಜೊತೆ ಅಟ್ಟಣಿಗೆಯ ಮೇಲೆ ಕುಳಿತಿದ್ದೆ. ಒಡ್ಡಿನ ಆಚೆ ಸೇಂಗಾದ ಬಳ್ಳಿ ಸರಸರ ಅಂದಿತು. ಗುಂಡಿ ಒತ್ತಿದೊಡನೆ ಒಡ್ಡಿನ ಅಂಚಿಗೆ ಎರಡು ಕಣ್ಣು ಹೊಳೆದವು. ನಾನು ಉಸಿರು ಬಿಗಿಹಿಡಿದೆ. ಕಾಕಾ ಕುದುರೆ ಎಳೆಯಲಿಲ್ಲ. ಬೆಳಕನ್ನು ಅಲ್ಲಿಯೇ ನಿಲ್ಲಿಸಿ ಗಟ್ಟಿಯಾಗಿ ಕೂಗಿದರು. ಒಡ್ಡಿನ ಹಿಂದಿನಿಂದ ಎದ್ದವನು ಹಗ್ಗ ಹರಿದುಕೊಂಡು ಬಂದಿದ್ದ ಕರುವನ್ನು ಹಿಡಿಯಲು ಬಂದ ಪಕ್ಕದ ಹೊಲದ ಹುಡುಗ. ಕರುವಿನ ಕಣ್ಣು ಹೊಳೆದಿದ್ದವು, ಅದರ ಕೊರಳು ಹಿಡಿದಿದ್ದ ಹುಡುಗನ ಕಣ್ಣು ಹೊಳೆದಿರಲಿಲ್ಲ.

“ಕಣ್ಣು ಕಂಡ್ರ ಸಾಲದಪ್ಪ, ಮೈ ಕಾಣಬೇಕು” ಎಂದರು ಕಾಕಾ. ಅವರ ಕೈ ನಡುಗುತ್ತಿತ್ತು. ಆ ರಾತ್ರಿಯೇ ಟ್ಯೂಬಿನ ಪಟ್ಟಿ ಬಿಚ್ಚಿದರು. ಮತ್ತೆಂದೂ ಬ್ಯಾಟರಿಯನ್ನು ಬಂದೂಕಿಗೆ ಕಟ್ಟಲಿಲ್ಲ.

ಅವರ ಮಾತಿನ ಹಿಂದಿನ ಕಾರಣ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ದನ, ಜಿಂಕೆ, ಬೆಕ್ಕು, ತೋಳಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಮರಳಿಸುವ ಒಂದು ಪದರವಿದೆ. ಮನುಷ್ಯನ ಕಣ್ಣಿನಲ್ಲಿ ಅದಿಲ್ಲ. ಹೀಗಾಗಿ ಹೊಳೆಯುವ ಕಣ್ಣನ್ನೇ ಹುಡುಕುವವನ ಬೆಳಕಿಗೆ ಎದುರಿಗಿರುವ ಮನುಷ್ಯ ಸುಲಭವಾಗಿ ಕಾಣುವುದಿಲ್ಲ. ಮಲೆನಾಡಿನಿಂದಲೂ ಕೊಡಗಿನಿಂದಲೂ ಕಾಡುಹಂದಿಯೆಂದು ಭ್ರಮಿಸಿ ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಬಂದೂಕಿಗೆ ಕಟ್ಟಿದ ಬೆಳಕಿಗೆ ಇನ್ನೊಂದು ದೋಷವೂ ಉಂಟು. ಎದುರಿಗಿರುವುದು ಏನೆಂದು ನೋಡಬೇಕಾದರೂ ಅದರತ್ತ ನಳಿಗೆ ತಿರುಗಿಸಲೇಬೇಕು. ಅಂದರೆ ನೋಡುವ ಮೊದಲೇ ಗುರಿ ಇಟ್ಟಾಗಿರುತ್ತದೆ.

ಪ್ರಾಣಿಗಳಿಗಂತೂ ಈ ಬೆಳಕು ಮಾಡಿದ ಅನ್ಯಾಯ ದೊಡ್ಡದು. 1947ರಲ್ಲಿ ಕೊರಿಯಾ ಸಂಸ್ಥಾನದ ಮಹಾರಾಜ ರಾಮಾನುಜ ಪ್ರತಾಪ ಸಿಂಗ್ ದೇವ್ ಒಂದೇ ರಾತ್ರಿ ಮೂರು ಚೀತಾಗಳನ್ನು ವಾಹನದ ದೀಪದ ಬೆಳಕಿನಲ್ಲಿ ಹೊಡೆದರು. ನಮ್ಮ ನಾಡಿನ ಕೊನೆಯ ಚೀತಾಗಳೆಂದು ಸಾಮಾನ್ಯವಾಗಿ ಹೇಳುವುದು ಅವನ್ನೇ. 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ತಂದು ಕುನೋದಲ್ಲಿ ಬಿಡಬೇಕಾಯಿತು. ಸ್ವಾತಂತ್ರ್ಯಾನಂತರ ಜೀಪು ಮತ್ತು ಪ್ರಖರ ದೀಪಗಳ ಜೋಡಿ ಬಯಲುಸೀಮೆಯ ಕೃಷ್ಣಮೃಗಗಳನ್ನೂ ಬಿಡಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಕೃತಕ ಬೆಳಕಿನ ಬೇಟೆಗೆ ಕಡಿವಾಣ ಹಾಕಿತು. 1991ರ ತಿದ್ದುಪಡಿ ಬೇಟೆಯ ಪರವಾನಗಿಯ ಪದ್ಧತಿಯನ್ನೇ ತೆಗೆದುಹಾಕಿತು.

ಹಾಗೆಂದು ರೈತನ ಕಷ್ಟ ತೀರಿತೇ? ಒಂದು ರಾತ್ರಿಯಲ್ಲಿ ಇಡೀ ಹೊಲವನ್ನು ಬುಡಮೇಲು ಮಾಡುವ ಹಂದಿಯ ಹಿಂಡಿನ ಎದುರು ಅವನಿಗೆ ಕಾಯ್ದೆಯ ಪಾಠ ಹೇಳುವುದು ಸುಲಭವಲ್ಲ. ಕೇರಳ 2022ರಲ್ಲಿ ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಲು ಅನುಮತಿ ನೀಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ಅಂಥ ಬೇಡಿಕೆ ನಮ್ಮಲ್ಲಿ ಎದ್ದರೆ ಅಚ್ಚರಿಯಿಲ್ಲ. ಆಗ ಕೇಳಬೇಕಾದ ಪ್ರಶ್ನೆ ಯಾರ ಕೈಗೆ ಬಂದೂಕು ಎಂಬುದಷ್ಟೇ ಅಲ್ಲ, ಯಾವ ಬೆಳಕಿನಲ್ಲಿ ಎಂಬುದೂ ಹೌದು. ಈಗ ಮೈಯ ಬಿಸಿಯನ್ನೇ ಚಿತ್ರವಾಗಿ ತೋರಿಸುವ ದುರ್ಬೀನುಗಳು ಬಂದಿವೆ. ಅವುಗಳಲ್ಲಿ ಮನುಷ್ಯನೂ ಕಾಣುತ್ತಾನೆ, ನಿಜ. ಆದರೆ ಪೈರಿನ ಮರೆಯಲ್ಲಿ ಬಾಗಿ ಕುಳಿತ ಮೈ ಯಾವುದೆಂದು ನಿರ್ಧರಿಸುವುದು ಯಂತ್ರವಲ್ಲ, ನಿದ್ದೆಗೆಟ್ಟ ಮನುಷ್ಯ. ಅದೇ ಉಪಕರಣವನ್ನು ಡ್ರೋನಿಗೆ ಕಟ್ಟಿ ಅರಣ್ಯ ಇಲಾಖೆ ಹುಲಿ, ಆನೆಗಳ ಜಾಡು ಹಿಡಿಯಲು ಬಳಸುತ್ತಿದೆ. ಅಲ್ಲಿ ಬೆಳಕು ಬೇರೆ, ಬಂದೂಕು ಬೇರೆ.

ರಾತ್ರಿಯ ಹೊಲಕ್ಕೆ ಬೆಳಕು ಬೇಕು, ಬೇಲಿ ಬೇಕು. ಹಾಳಾದ ಬೆಳೆಗೆ ಮುಂದಿನ ಬಿತ್ತನೆಗಾದರೂ ಒದಗುವಂತೆ ಪರಿಹಾರ ಬರಬೇಕು. ಅದು ಬಾರದಿದ್ದಾಗ ರೈತ ಮತ್ತೆ ಟ್ಯೂಬಿನ ಪಟ್ಟಿ ಹುಡುಕುತ್ತಾನೆ. ಕಾಕಾ ಉಳಿದ ಕಾಲವೆಲ್ಲ ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ತಗಡಿನ ಡಬ್ಬಿ ಹಿಡಿದು ಹೊಲ ಕಾದರು. ಒಂದಿಷ್ಟು ಸೇಂಗಾ ಹಂದಿಯ ಪಾಲಾಯಿತು. ಆ ಹುಡುಗ ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ.