ಕನಕಾಂಗಿಯ ಮದುವೆ ಮಾಡಿಸಿದವರು ಯಾರು?

ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದ್ದುವು, ಮಳೆ ಹಿಡಿದಿತ್ತು. ಕಾಪುವಿನಲ್ಲಿರುವ ನಮ್ಮ ಸೋದರತ್ತೆಯ ಮನೆಯ ಚಾವಡಿಯಲ್ಲಿ ಒಂದು ಸಂಜೆ ಕುಳಿತಿದ್ದಾಗ, ಮಣಿಪಾಲದಲ್ಲಿ ಓದುತ್ತಿರುವ ನಮ್ಮ ತಮ್ಮನ ಮಗಳು ತನ್ನ ಫೋನನ್ನು ನಮ್ಮ ಮುಂದೆ ಹಿಡಿದು, "ದೊಡ್ಡಪ್ಪ, ಇದನ್ನೊಮ್ಮೆ ನೋಡಿ" ಎಂದಳು.

ನೋಡಿದೆವು. ಪರದೆಯ ಮೇಲೆ ಬಣ್ಣದ ಚಿತ್ರಗಳು ಒಂದರ ಕೆಳಗೊಂದು ಜೋಡಿಸಿದ್ದುವು. ಬೆರಳಿನಿಂದ ಸರಿಸಿದಂತೆಲ್ಲ ಕಥೆ ಮುಂದುವರಿಯುವುದು. ಅದರ ನಾಯಕಿ ದ್ರೌಪದಿ. ನಾಯಕ ಅರ್ಜುನನಲ್ಲ, ಕರ್ಣ! ತುಂಬಿದ ಸಭೆಯಲ್ಲಿ ಆಕೆಯನ್ನು ಹಳಿದವನು, ಆಕೆಯ ಪತಿಗಳ ಪರಮ ವೈರಿ. ಅವರಿಬ್ಬರಲ್ಲಿ ಹೇಳಿಕೊಳ್ಳಲಾರದ ಒಲವೊಂದು ಇತ್ತೆಂಬುದು ಆ ಚಿತ್ರಕಾರರ ಕಲ್ಪನೆ. ನಾಲ್ಕಾರು ಚಿತ್ರ ನೋಡುವಷ್ಟರಲ್ಲಿ ನಮಗೆ ಸಿಟ್ಟು ಬಂತು. "ಪುರಾಣವನ್ನು ಹೀಗೆ ಕೆಡಿಸುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು?" ಎಂದುಬಿಟ್ಟೆವು. ಹುಡುಗಿ ಮಾತಾಡದೆ ಫೋನನ್ನು ಮಡಿಲಿಗಿಟ್ಟುಕೊಂಡಳು.

ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅತ್ತೆ ತಲೆಯೆತ್ತದೆಯೇ ಕೇಳಿದರು: "ಅಲ್ಲ ಮಾರಾಯಾ, ಹಾಗಾದರೆ ಅಭಿಮನ್ಯುವಿಗೆ ಕನಕಾಂಗಿಯನ್ನು ಮದುವೆ ಮಾಡಿಸಿದವರು ಯಾರು? ವ್ಯಾಸರೋ?"

ನಮ್ಮಲ್ಲಿ ಉತ್ತರವಿರಲಿಲ್ಲ. ಅದನ್ನು ಅರಸಿದಾಗ ಕಂಡುಬಂದ ಸಂಗತಿಗಳನ್ನೇ ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಅಭಿಮಾನಿಗಳ ಚಿತ್ರಕಥೆ

ಅಂತರಜಾಲದಲ್ಲಿ ಪ್ರಕಟವಾಗುವ ಇಂಥ ಚಿತ್ರಕಥೆಗೆ ವೆಬ್‌ಕಾಮಿಕ್ ಎಂದು ಹೆಸರು. ಇದಕ್ಕೆ ಅಚ್ಚುಕೂಟ ಬೇಡ. ಹಳೆಯ ಕೃತಿಗಳನ್ನು ಮೆಚ್ಚಿದವರು ಅವುಗಳ ಪಾತ್ರಗಳನ್ನೇ ಎತ್ತಿಕೊಂಡು, ಮೂಲದಲ್ಲಿಲ್ಲದ ಕಥೆಗಳನ್ನು ಹೆಚ್ಚಾಗಿ ಸಂಭಾವನೆಯ ಆಸೆಯಿಲ್ಲದೆ ರಚಿಸುತ್ತಾರೆ. ಈ ಹವ್ಯಾಸದ ಆಧುನಿಕ ರೂಪ ಬೆಳೆದುದು ಅಮೆರಿಕದಲ್ಲಿ. 1966ರಲ್ಲಿ ಅಲ್ಲಿನ ಟೆಲಿವಿಷನ್ನಿನಲ್ಲಿ 'ಸ್ಟಾರ್ ಟ್ರೆಕ್' ಎಂಬ ವ್ಯೋಮಯಾನದ ಕಥಾಮಾಲೆ ಆರಂಭವಾಯಿತು. ಮರುವರ್ಷವೇ ಅದರ ಅಭಿಮಾನಿಗಳು 'ಸ್ಪಾಕನೇಲಿಯ' ಎಂಬ ಕಿರುಪತ್ರಿಕೆಯನ್ನು ತಾವೇ ಹೊರಡಿಸಿದರು. 1970ರ ದಶಕದಲ್ಲಿ, ನೌಕೆಯ ನಾಯಕ ಕರ್ಕ್ ಮತ್ತು ಅವನ ಸಹಚರ ಸ್ಪಾಕ್ ಪ್ರಣಯಿಗಳೆಂದು ಕಲ್ಪಿಸಿದ ಕಥೆಗಳೂ ಹುಟ್ಟಿದುವು. 1990ರ ದಶಕದಲ್ಲಿ 'ದಿ ಎಕ್ಸ್ ಫೈಲ್ಸ್' ಎಂಬ ಇನ್ನೊಂದು ಮಾಲೆಯ ಅಭಿಮಾನಿಗಳು ಹೀಗೆ ಜೋಡಿ ಕೂಡಿಸುವ ಕೆಲಸಕ್ಕೆ, 'ರಿಲೇಶನ್‌ಶಿಪ್' ಎಂಬ ಮಾತಿನ ಬಾಲವನ್ನು ಹಿಡಿದು, 'ಶಿಪ್ಪಿಂಗ್' ಎಂಬ ಪದವನ್ನು ಬಳಕೆಗೆ ತಂದರು. ಕಾಪುವಿನಲ್ಲಿ ಕುಳಿತು ಆ ಪದವನ್ನು ಕೇಳಿದ ನಮಗೆ ಮೊದಲು ನೆನಪಾದುದು, 1901ರಲ್ಲಿ ಕಟ್ಟಿದ ಅಲ್ಲಿನ ದೀಪಸ್ತಂಭ ದಾರಿ ತೋರುತ್ತ ಬಂದ ಹಡಗುಗಳೇ!

ಆದರೆ ಹೆಸರು ಹೊಸದಾದ ಮಾತ್ರಕ್ಕೆ ಕೆಲಸವೂ ಹೊಸದೆನ್ನಬಹುದೆ?

ನಮ್ಮ ಹಿರಿಯರು ಕೂಡಿಸಿದ ಜೋಡಿಗಳು

ವ್ಯಾಸಭಾರತದಲ್ಲಿ ಅಭಿಮನ್ಯುವಿನ ಮಡದಿ ಉತ್ತರೆ ಒಬ್ಬಳೇ. ಕನಕಾಂಗಿಯೆಂಬ ಮಗಳು ಬಲರಾಮನಿಗೆ ಅಲ್ಲಿಲ್ಲ. ಆದರೆ ನಮ್ಮ ಕರಾವಳಿಯ 'ಕನಕಾಂಗಿ ಕಲ್ಯಾಣ' ಪ್ರಸಂಗದಲ್ಲಿ, ದುರ್ಯೋಧನನ ಮಗ ಲಕ್ಷಣನಿಗೆ ಕೊಡಬೇಕೆಂದಿದ್ದ ಬಲರಾಮನ ಮಗಳು ಘಟೋತ್ಕಚನ ನೆರವಿನಿಂದ ಅಭಿಮನ್ಯುವಿನ ಕೈಹಿಡಿಯುತ್ತಾಳೆ. ತೆಲುಗು ನಾಡಿನಲ್ಲಿ ಅವಳೇ ಶಶಿರೇಖೆ. 1957ರ 'ಮಾಯಾಬಜಾರ್' ಚಲನಚಿತ್ರದ ನಾಯಕಿ. ಸ್ತ್ರೀರಾಜ್ಯದ ಒಡತಿ ಪ್ರಮೀಳೆ ಅರ್ಜುನನನ್ನು ವರಿಸುವುದೂ ಜೈಮಿನಿ ಭಾರತದ ಕಥೆಯೇ ಹೊರತು ವ್ಯಾಸರದಲ್ಲ.

ಇನ್ನೂ ಹಿಂದೆ ಹೋದರೆ ಸಿಕ್ಕುವವನು ಆದಿಕವಿ ಪಂಪ. 941ರ 'ವಿಕ್ರಮಾರ್ಜುನ ವಿಜಯ'ದಲ್ಲಿ ಅವನು ದ್ರೌಪದಿಯನ್ನು ಐವರ ಮಡದಿಯಾಗಿಸದೆ ಅರ್ಜುನನೊಬ್ಬನ ಪತ್ನಿಯನ್ನಾಗಿ ಮಾಡಿದ; ಕೊನೆಯಲ್ಲಿ ಪಟ್ಟ ಕಟ್ಟಿಸಿದ್ದು ಅರ್ಜುನನಿಗೆ ಮತ್ತು ಸುಭದ್ರೆಗೆ. ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಒಂದುಗೂಡಿಸಿ ಹೇಳಹೊರಟವನಿಗೆ ಈ ಬದಲಾವಣೆ ಅವಶ್ಯವಾಗಿತ್ತು. ಕಾರ್ಕಳದಲ್ಲಿ 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಜೈನ ಪರಂಪರೆಯನ್ನು ನೋಡಿದರೆ, ಅದರ ರಾಮಾಯಣಗಳಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ.

ಕರ್ಣ-ದ್ರೌಪದಿಯರ ಜೋಡಿಯೂ ಫೋನಿನಲ್ಲಿ ಹುಟ್ಟಿದುದಲ್ಲ. ಜಂಬುನೇರಳೆ ಹಣ್ಣಿನ ನೆಪದಲ್ಲಿ ದ್ರೌಪದಿಯ ಮನದೊಳಗಿನ ಕರ್ಣನ ಮೇಲಣ ಒಲವು ಹೊರಬೀಳುವ ಜನಪದ ಆಖ್ಯಾನವೊಂದು ಮಹಾರಾಷ್ಟ್ರದಲ್ಲಿದೆ. 2008ರಲ್ಲಿ ಪ್ರಕಟವಾದ ಚಿತ್ರಾ ಬ್ಯಾನರ್ಜಿ ದಿವಾಕರುಣಿಯವರ ಇಂಗ್ಲಿಷ್ ಕಾದಂಬರಿಗೂ ಇದೇ ಎಳೆ ಆಧಾರ.

ಮನಸ್ಸು ಮಾಡುವ ಕೆಲಸ

ಕೇಳಿದ ಕಥೆಯನ್ನು ಇದ್ದಂತೆಯೇ ಇಟ್ಟುಕೊಳ್ಳುವುದು ಮನುಷ್ಯನ ಮನಸ್ಸಿಗೆ ಏಕೆ ಸಾಧ್ಯವಾಗುವುದಿಲ್ಲ? ಕೇಂಬ್ರಿಜಿನ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಬಾರ್ಟ್‌ಲೆಟ್ ತನ್ನ ಪ್ರಯೋಗಗಳನ್ನು 1932ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ. ಉತ್ತರ ಅಮೆರಿಕದ ಆದಿವಾಸಿಗಳ ಒಂದು ಪ್ರೇತಕಥೆಯನ್ನು ಇಂಗ್ಲಿಷರಿಗೆ ಓದಲು ಕೊಟ್ಟು, ಬಳಿಕ ನೆನಪಿನಿಂದ ಬರೆಯಿಸಿದ. ಬರೆದವರು ಅದನ್ನು ಅರಿಯದೆಯೇ ತಮ್ಮ ಊರಿನ ಕಥೆಯನ್ನಾಗಿ ಮಾಡಿದ್ದರು. ಸೀಲ್ ಬೇಟೆ ಮೀನು ಹಿಡಿಯುವುದಾಗಿತ್ತು. ಅರ್ಥವಾಗದ ಪ್ರೇತಗಳು ಎಷ್ಟೋ ಬರೆಹಗಳಲ್ಲಿ ಮಾಯವಾಗಿದ್ದುವು. ನೆನಪೆಂಬುದು ಉಗ್ರಾಣವಲ್ಲ, ಅಡುಗೆಮನೆ. ಅಲ್ಲಿಂದ ಹೊರಬರುವುದೆಲ್ಲ ಹೊಸದಾಗಿ ಬೆಂದ ಪದಾರ್ಥವೇ.

ಇದರೊಡನೆ ಚಿತ್ರಕಥೆಯ ವಿಶೇಷವೊಂದು ಸೇರುತ್ತದೆ. ಒಂದು ಚೌಕದಲ್ಲಿ ಮುದುಕಿಯೊಬ್ಬಳು ಬೊಂಡ ಕೆತ್ತಲು ಕತ್ತಿ ಎತ್ತಿದ್ದಾಳೆ. ಮುಂದಿನದರಲ್ಲಿ ಮೊಮ್ಮಗು ಬಾಯೊರೆಸಿಕೊಳ್ಳುತ್ತಿದೆ. ನಡುವೆ ನಡೆದುದನ್ನು ಯಾರೂ ಬರೆದಿಲ್ಲ. ಆದರೂ ನಾವು ಅದನ್ನು ಕಂಡೆವು. ಚೌಕಗಳ ನಡುವಿನ ಖಾಲಿ ಪಟ್ಟಿಯಲ್ಲಿ ಓದುಗನೇ ಚಿತ್ರಕಾರನಾಗುವ ಈ ಬಗೆಯನ್ನು ಸ್ಕಾಟ್ ಮೆಕ್‌ಕ್ಲೌಡ್ ಎಂಬ ಅಮೆರಿಕನ್ ಚಿತ್ರಕಾರ 1993ರ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ಕಾವ್ಯದಲ್ಲಿಯೂ ಇಂಥ ಖಾಲಿ ಜಾಗಗಳುಂಟು. ಪಂಪಭಾರತದ ಒಂದು ಪದ್ಯದಲ್ಲಿ ಭಾನುಮತಿ ನೆತ್ತವಾಡಿ ಸೋಲುತ್ತಾಳೆ, ಮುತ್ತಿನ ಹಾರ ಹರಿಯುತ್ತದೆ. ಎದುರಿಗೆ ಕುಳಿತು ಆಡಿದವನು ದುರ್ಯೋಧನನೋ ಕರ್ಣನೋ ಎಂದು ನಮ್ಮ ವಿದ್ವಾಂಸರು ವಾದಿಸಿದ್ದಾರೆ. ಅಭಿಮಾನಿಗಳು ಕೈಯಿಕ್ಕುವುದೂ ಇಂಥ ತೆರಪುಗಳಿಗೇ.

ಕಥೆಯ ವಂಶವೃಕ್ಷ

ಹಾಗಾದರೆ ಮೂಲ ಯಾವುದು, ಬೆರಕೆ ಯಾವುದು? ಇದನ್ನು ಶಾಸ್ತ್ರೀಯವಾಗಿ ವಿಚಾರಿಸುವ ಮಾರ್ಗಗಳಿವೆ. ಪ್ರಾಣಿಗಳ ಲಕ್ಷಣಗಳನ್ನು ಹೋಲಿಸಿ ಜೀವವಿಜ್ಞಾನಿಗಳು ವಂಶವೃಕ್ಷ ರಚಿಸುವಂತೆಯೇ, ಇಂಗ್ಲೆಂಡಿನ ಮಾನವಶಾಸ್ತ್ರಜ್ಞ ಜೇಮಿ ಟೆಹ್ರಾನಿ 2013ರಲ್ಲಿ 'ಕೆಂಪು ಟೋಪಿಯ ಹುಡುಗಿ' ಮತ್ತು ಅದನ್ನು ಹೋಲುವ ಕಥೆಗಳ 58 ಪಾಠಗಳನ್ನು ಹೋಲಿಸಿದ. ತೋಳ ಅಜ್ಜಿಯ ವೇಷ ತೊಡುವ ಕಥೆಯೂ, ತಾಯಿ ಆಡಿನ ವೇಷದಲ್ಲಿ ಬಂದು ಮರಿಗಳನ್ನು ತಿನ್ನುವ ಕಥೆಯೂ ಒಂದೇ ಮರದ ಬೇರೆ ಬೇರೆ ಕೊಂಬೆಗಳಾಗಿ ಕಂಡುಬಂದುವು.

ಇಂಥ ಹೋಲಿಕೆಯ ಕೆಲಸ ನಮ್ಮ ದೇಶದಲ್ಲಿ ಬಹು ಮೊದಲೇ ನಡೆದಿತ್ತು. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪಂಡಿತರು 1919ರಿಂದ 1966ರವರೆಗೆ 1,259 ಹಸ್ತಪ್ರತಿಗಳನ್ನು ಆಧರಿಸಿ ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ಸಿದ್ಧಪಡಿಸಿದರು. ಅದರಲ್ಲಿ ನಮ್ಮನ್ನು ಬೆರಗುಗೊಳಿಸಿದ ಸಂಗತಿ ಇದು: ಸ್ವಯಂವರದಲ್ಲಿ ಕರ್ಣ ಬಿಲ್ಲೆತ್ತಿದಾಗ, ಸೂತನನ್ನು ವರಿಸಲಾರೆನೆಂದು ದ್ರೌಪದಿ ಹೇಳುವಳಲ್ಲವೆ? ಆ ಮಾತು ಕೆಲವು ಹಸ್ತಪ್ರತಿಗಳಲ್ಲಿ ಮಾತ್ರ ಇರುವುದರಿಂದ ಸಂಪಾದಕರು ಅದನ್ನು ಮುಖ್ಯ ಪಾಠಕ್ಕೆ ಸೇರಿಸದೆ ಟಿಪ್ಪಣಿಯಲ್ಲಿಟ್ಟರು. ಎಂದರೆ, ಇವರಿಬ್ಬರ ನಡುವಣ ಪ್ರಣಯ ಮಾತ್ರವಲ್ಲ, ಅವರ ವೈರದ ಪ್ರಸಿದ್ಧವಾದ ಮೊದಲ ದೃಶ್ಯವೂ ಬಳಿಕ ಯಾರೋ ಕಥೆಯನ್ನು ಮೆಚ್ಚಿದವರು ಸೇರಿಸಿದುದಾಗಿರಬೇಕು. ಸಭೆಯ ಅವಮಾನ ಮಾತ್ರ ಹಾಗಲ್ಲ. ಅದು ಮುಖ್ಯ ಪಾಠದಲ್ಲಿಯೇ ಇದೆ.

ಪದ್ಯ ಸ್ಥಿರ, ಅರ್ಥ ಚರ

ಹಾಗೆಂದು ಯಾರು ಏನನ್ನು ಬರೆದರೂ ಸರಿಯೆ? ಈ ಪಾತ್ರಗಳನ್ನು ಪೂಜ್ಯಭಾವದಿಂದ ಕಾಣುವವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ನೋವನ್ನು ಹುಸಿಯೆನ್ನಲಾಗದು. ಇದಕ್ಕೊಂದು ಅಳತೆಗೋಲು ನಮಗೆ ಯಕ್ಷಗಾನದಲ್ಲಿ ಸಿಕ್ಕಿತು. ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಮಹಾವಿದ್ಯಾಲಯದ ಆಶ್ರಯದಲ್ಲಿ 1971ರಲ್ಲಿ ಯಕ್ಷಗಾನ ಕೇಂದ್ರ ಹುಟ್ಟಿದ್ದು ಈ ಕಲೆಯನ್ನು ಕಲಿಸುವುದಕ್ಕಾಗಿ. ಇದರಲ್ಲಿ ಭಾಗವತರು ಹಾಡುವ ಪದ್ಯ ಪ್ರಸಂಗದ ಪುಸ್ತಕದಲ್ಲಿದ್ದುದೇ. ವೇಷಧಾರಿ ಅದಕ್ಕೆ ಹೇಳುವ ಅರ್ಥ ಮಾತ್ರ ಆ ಹೊತ್ತಿಗೇ ಹುಟ್ಟುವುದು. ತಾಳಮದ್ದಳೆಯಲ್ಲಂತೂ ಒಂದೇ ಪದ್ಯಕ್ಕೆ ಇಂದಿನ ಕರ್ಣ ಒಂದು ವಾದ ಹೂಡಿದರೆ ನಾಳಿನ ಕರ್ಣ ಇನ್ನೊಂದನ್ನು ಹೂಡುವನು. ಆದರೆ ಪದ್ಯದ ಚೌಕಟ್ಟನ್ನು ಮೀರುವಂತಿಲ್ಲ. ಪ್ರಯೋಗಶಾಲೆಯ ನಿಯಮವೂ ಇದೇ: ಒಂದು ಅಂಶವನ್ನು ಬದಲಿಸು, ಉಳಿದುವನ್ನು ಹಾಗೆಯೇ ಇಡು, ಏನಾಗುವುದೆಂದು ನೋಡು.

ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ 'ಅಮರ ಚಿತ್ರಕಥಾ' ಮಾಲೆ ಲಕ್ಷಾಂತರ ಮಕ್ಕಳ ಮನಸ್ಸಿನಲ್ಲಿ ಪುರಾಣಕ್ಕೆ ಒಂದು ನಿಶ್ಚಿತ ರೂಪವನ್ನು ಮೂಡಿಸಿತು. ಅದು ಪದ್ಯದ ಕೆಲಸ. ಆ ಪದ್ಯವನ್ನು ಬಲ್ಲವರಿಗೆ ಮಾತ್ರ ಹೊಸ ಅರ್ಥ ಹೇಳಲು ಬರುತ್ತದೆ. ಕರ್ಣ ಯಾರೆಂದು ತಿಳಿಯದವರಿಗೆ ಅವನ ಒಲವಿನ ಕಥೆ ರುಚಿಸುವುದಾದರೂ ಹೇಗೆ?

ಇಷ್ಟು ತಿಳಿದ ಮೇಲೆ ನಾವು ಮತ್ತೆ ಕಾಪುವಿಗೆ ಹೋಗಿ, ಆ ಚಿತ್ರಕಥೆಯನ್ನು ಪೂರ್ತಿಯಾಗಿ ತೋರಿಸೆಂದು ಹುಡುಗಿಯನ್ನು ಕೇಳಿದೆವು. "ಸಭೆಯಲ್ಲಿ ಕರ್ಣ ಆಡಿದ ಮಾತನ್ನು ಇವರು ಮುಚ್ಚಿಟ್ಟಿದ್ದರೆ ನಾವು ಒಪ್ಪುವುದಿಲ್ಲ" ಎಂದೂ ಎಚ್ಚರಿಸಿದೆವು.

"ಅದು ಆರನೆಯ ಭಾಗದಲ್ಲಿದೆ, ದೊಡ್ಡಪ್ಪ. ನೀವು ಅಂದು ಅಷ್ಟರವರೆಗೆ ನೋಡಲೇ ಇಲ್ಲ" ಎಂದಳು ಅವಳು.

ಇತ್ತು. ಒಂದು ಮಾತೂ ಮೃದುವಾಗಿರಲಿಲ್ಲ. ಬದಲಾದುದು ಒಂದೇ: ಆ ಮಾತನ್ನು ಕೇಳಿದ ದ್ರೌಪದಿ ಈಗ ಅವನನ್ನು ಒಲಿದವಳು. ಅದರಿಂದ ಅವಮಾನ ಹಗುರಾಗಿರಲಿಲ್ಲ, ನೂರ್ಮಡಿ ಭಾರವಾಗಿತ್ತು. ಎಷ್ಟೋ ಬಾರಿ ಕೇಳಿದ ಆ ದೃಶ್ಯದ ಕ್ರೌರ್ಯ ನಮಗೆ ಅಂದಿನಂತೆ ಎಂದೂ ತಟ್ಟಿರಲಿಲ್ಲ. ಹುಡುಗಿಯಲ್ಲಿ ತಪ್ಪೊಪ್ಪಿಕೊಂಡು, ಮುಂದಿನ ಭಾಗ ಬಂದಾಗ ಮರೆಯದೆ ತಿಳಿಸೆಂದು ಹೇಳಿ, ಉಡುಪಿಯ ಬಸ್ಸು ಹಿಡಿದೆವು.