ಕಿರಣ ಸೋಕಿದ ಆಹಾರ: ಭಯವೆಷ್ಟು, ಹಿತವೆಷ್ಟು?

ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಾಗಲಿ, ಹಲಸೂರಿನ ಅಂಗಡಿಗಳಲ್ಲಾಗಲಿ ಈರುಳ್ಳಿ, ಆಲೂಗಡ್ಡೆ ಕೊಳ್ಳುವ ಗೃಹಿಣಿಯು ಮೊದಲು ನೋಡುವುದು ಮೊಳಕೆ ಒಡೆದಿದೆಯೇ, ಕೊಳೆತಿದೆಯೇ ಎಂಬುದನ್ನು. ಮೊಳಕೆಯನ್ನೂ ಹುಳುವನ್ನೂ ತಡೆಯಲು ಆಹಾರಕ್ಕೆ ಗಾಮಾ ಕಿರಣಗಳನ್ನು ಹಾಯಿಸುವ ಪದ್ಧತಿ ಇಂದು ನಮ್ಮ ನೆರೆಗೇ ಬಂದಿದೆ. ಕೃಷ್ಣರಾಜಪುರದಿಂದ ರೈಲಿನಲ್ಲಿ ಪೂರ್ವಕ್ಕೆ ಹೊರಟರೆ ಸಿಗುವ ಮಾಲೂರಿನ ಇನ್ನೋವಾ ಅಗ್ರಿ ಬಯೋ ಪಾರ್ಕಿನಲ್ಲಿ, ಅಮೆರಿಕೆಗೆ ಹೋಗುವ ಮಾವಿಗೆ ಈ ಸಂಸ್ಕಾರ ನಡೆದಿದೆ. 'ಅಣುಕಿರಣ ತಾಕಿದ್ದನ್ನು ಉಣ್ಣಬಹುದೇ?' ಎಂಬ ಸಂದೇಹ ಭಕ್ತಾದಿಗಳ ಮನೆಗಳಲ್ಲಿ ಏಳುವುದು ಸಹಜ.

ಮೊದಲನೆಯದಾಗಿ, ಇಂತಹ ಆಹಾರವು ತಾನೇ ವಿಕಿರಣ ಸೂಸುವುದಿಲ್ಲ. ಕೋಬಾಲ್ಟ್-60ರ ಕಿರಣಗಳಿಗೆ ಪದಾರ್ಥವನ್ನು ವಿಕಿರಣಶೀಲವಾಗಿಸುವಷ್ಟು ಶಕ್ತಿಯಿಲ್ಲ. ದೀಪದ ಬೆಳಕು ಬಿದ್ದ ಗೋಡೆ ಮರುದಿನ ಬೆಳಗದಿರುವಂತೆಯೇ ಇದು.

ಆದರೂ ವಿವಾದವು ನಿರಾಧಾರವಾಗಿ ಹುಟ್ಟಲಿಲ್ಲ. 1975ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ವಿಜ್ಞಾನಿಗಳು, ಆಗತಾನೇ ಕಿರಣ ಹಾಯಿಸಿದ ಗೋಧಿಯನ್ನು ಉಂಡ ಅಪೌಷ್ಟಿಕ ಮಕ್ಕಳ ರಕ್ತಕಣಗಳಲ್ಲಿ ವರ್ಣತಂತುಗಳ ವ್ಯತ್ಯಾಸ ಕಂಡಿತೆಂದು ಪ್ರಕಟಿಸಿದರು. ಪರೀಕ್ಷೆಯ ಒಂದೊಂದು ಗುಂಪಿನಲ್ಲಿದ್ದವರು ಐದೇ ಮಕ್ಕಳು. ಟ್ರಾಂಬೆಯ ಭಾಭಾ ಅಣು ಸಂಶೋಧನ ಕೇಂದ್ರದ ಪ್ರಯೋಗಗಳಲ್ಲಿ ಅಂತಹ ದೋಷ ಕಾಣಲಿಲ್ಲ. ಪಿ.ಸಿ. ಕೇಶವನ್ ಮತ್ತು ಪಿ.ವಿ. ಸುಖಾತ್ಮೆಯವರು ಎರಡೂ ಕಡೆಯ ದಾಖಲೆಗಳನ್ನು ಪರಿಶೀಲಿಸಿ, ಹೈದರಾಬಾದಿನ ನಿರ್ಣಯಕ್ಕೆ ಸಾಕಷ್ಟು ಆಧಾರವಿಲ್ಲವೆಂದರು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ತಜ್ಞರ ಸಮಿತಿಯು ಸರಾಸರಿ 10 ಕಿಲೊಗ್ರೇ ಪ್ರಮಾಣದವರೆಗೆ ಅಪಾಯವಿಲ್ಲವೆಂದು ತೀರ್ಮಾನಿಸಿತು. 1994ರಲ್ಲಿ ನಮ್ಮ ಸರ್ಕಾರವು ಈರುಳ್ಳಿ, ಆಲೂಗಡ್ಡೆ, ಸಾಂಬಾರ ಪದಾರ್ಥಗಳಿಗೆ ಅನುಮತಿ ನೀಡಿತು. ಈಗಿನ ನಿಯಮದಂತೆ ಈರುಳ್ಳಿಯ ಮೊಳಕೆ ತಡೆಯಲು ಸಲ್ಲುವ ಗರಿಷ್ಠ ಪ್ರಮಾಣ 0.2 ಕಿಲೊಗ್ರೇ, ಅಂದರೆ ಆ ಮಿತಿಯ ಐವತ್ತರಲ್ಲಿ ಒಂದು ಪಾಲು ಮಾತ್ರ.

ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಕೊಳೆತದ್ದನ್ನು ಈ ಕಿರಣಗಳು ಹೊಸದಾಗಿಸಲಾರವು. ಬೆಳೆಗೆ ಸಿಂಪಡಿಸಿದ ಕೀಟನಾಶಕದ ಶೇಷವನ್ನು ಕಳೆಯುವ ಉಪಾಯವೂ ಇದಲ್ಲ. ಥಯಮಿನ್‌ನಂತಹ ಕೆಲವು ಜೀವಸತ್ವಗಳು ಸ್ವಲ್ಪಮಟ್ಟಿಗೆ ಕುಂದುತ್ತವೆ. ಅಡುಗೆಯ ಬೆಂಕಿಯಲ್ಲೂ ಅವು ಕುಂದುವುದುಂಟು. ತೊಳೆಯುವ, ಆರಿಸುವ, ಒಣಗಿಸಿಡುವ ನಮ್ಮ ಮನೆಗಳ ಶುಚಿತ್ವಕ್ಕೆ ಇದು ಬದಲಿಯಾಗಲಾರದು.

ಆದ್ದರಿಂದ ನಮ್ಮ ಅಭಿಪ್ರಾಯದಲ್ಲಿ ಉಳಿದಿರುವ ಮುಖ್ಯ ಪ್ರಶ್ನೆ ವಿಷದ್ದಲ್ಲ, ಸತ್ಯದ್ದು. ಕಿರಣ ಸಂಸ್ಕಾರ ಪಡೆದ ಆಹಾರವನ್ನು ಪೊಟ್ಟಣದಲ್ಲಿಯೇ ಮಾರಬೇಕು, ಅದರ ಮೇಲೆ ಆ ವಿಷಯವನ್ನು ಬರೆದು 'ರಾಡುರಾ' ಎಂಬ ಹಸಿರು ಮುದ್ರೆಯನ್ನು ಒತ್ತಬೇಕು ಎಂಬುದು ಕಾನೂನು. ಪೊಟ್ಟಣ ಹರಿದು ರಾಶಿಗೆ ಸುರಿದರೆ ಕೊಳ್ಳುವವರಿಗೆ ತಿಳಿಯುವ ದಾರಿಯೇ ಇಲ್ಲ. ಉಣ್ಣುವುದೋ ಬಿಡುವುದೋ ಅವರವರ ವಿವೇಕಕ್ಕೆ ಸೇರಿದ್ದು. ಆ ವಿವೇಕಕ್ಕೆ ಆಧಾರವಾದ ಮಾಹಿತಿಯನ್ನು ಮರೆಮಾಚುವ ಅಧಿಕಾರ ಯಾವ ವ್ಯಾಪಾರಿಗೂ ಇಲ್ಲ. ಮುಂದಿನ ಸಲ ಮೆಣಸಿನಪುಡಿಯ ಪೊಟ್ಟಣ ಕೊಳ್ಳುವಾಗ ತಾಯಂದಿರು ಬೆಲೆಯೊಂದಿಗೆ ಆ ಮುದ್ರೆಯನ್ನೂ ನೋಡಲಿ. ಸಂದೇಹವಿದ್ದರೆ ಅಂಗಡಿಯವರನ್ನು ಕೇಳಲು ಸಂಕೋಚಪಡದಿರಲಿ.