ಗ್ವಾಡಿಗೆ ಬಡಕೊಂಡು ಕಲಿಯುವ ಹಕ್ಕಿ

“ಯಾಕೋ ತಮ್ಮಾ, ಈ ಹಕ್ಕಿಗೆ ಕಣ್ಣು ಕಾಣ್ತಾವೋ ಇಲ್ಲೋ? ಮತ್ತ ಮತ್ತ ಹೋಗಿ ಗ್ವಾಡಿಗೇ ಬಡಕೊಳ್ಳಾಕ ಹತ್ತೇತಲ್ಲ!”

ದೇಸೂರಿನ ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವ ಮೊಮ್ಮಗನನ್ನು ಕೇಳಿದ ಪ್ರಶ್ನೆ ಇದು. ಬೆಳಗಾವಿಯಿಂದ ತಂದ ಎರಡು ಲವ್ ಬರ್ಡ್ ಮರಿಗಳಲ್ಲಿ ಒಂದು, ಗೋಡೆಯ ಕ್ಯಾಲೆಂಡರ್ ಮೇಲೆ ಕೂಡ್ರಲು ಹೋಗಿ ಕ್ಯಾಲೆಂಡರ್ ಸಮೇತ ಕೆಳಗೆ ಬಿದ್ದಿತ್ತು. ಬಿದ್ದದ್ದೇ ಎದ್ದು, ಏನೂ ಆಗಿಲ್ಲ ಎಂಬಂತೆ ಮೈ ಕೊಡವಿ, ಕಿಟಕಿಯ ಪರದೆಗೆ ಹಾರಿ ಕೊಕ್ಕಿನಿಂದ ಜೋತುಬಿತ್ತು. ಹುಡುಗ ತಲೆ ಎತ್ತದೆ ಹೇಳಿದ: “ಕಲಿಯಾಕ ಹತ್ತೇತಿ, ಆಯಿ.”

ಅವನ ಮಾತು ಖರೆ. ಆದರೆ ಈ ಕಲಿಕೆ ನೋಡುವವರ ಎದೆ ನಡುಗಿಸುತ್ತದೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ನಮ್ಮ ಕಡೆಯ ಅಂಗಡಿಗಳಲ್ಲಿ ‘ಲವ್ ಬರ್ಡ್ಸ್ ಕೊಡ್ರಿ’ ಎಂದರೆ ಸಾಮಾನ್ಯವಾಗಿ ಕೈಗೆ ಬರುವುದು ಬಜರಿಗರ್, ಅಂದರೆ ಆಸ್ಟ್ರೇಲಿಯಾ ಮೂಲದ ಗೆರೆಮೈಯ ಪುಟ್ಟ ಗಿಳಿ. ನಿಜವಾದ ಲವ್ ಬರ್ಡ್ ಬೇಕಿದ್ದರೆ ‘ಆಫ್ರಿಕನ್’ ಎಂದು ಸೇರಿಸಿ ಕೇಳಬೇಕು. ಅಗಾಪೋರ್ನಿಸ್ ಎಂಬ ಈ ಕುಲದಲ್ಲಿರುವುದು 9 ಪ್ರಭೇದ. ಎಂಟು ಆಫ್ರಿಕಾ ಖಂಡದವು, ಒಂದು ಮಡಗಾಸ್ಕರ್ ದ್ವೀಪದ್ದು. ಗೇಣಿಗಿಂತ ಚಿಕ್ಕ ಮೈ, ಮೋಟು ಬಾಲ, ಮೈಗೆ ಮೀರಿದ ಕೊಕ್ಕು, ತೂಕ ಸುಮಾರು 50 ಗ್ರಾಂ. ಹಟ ಮಾತ್ರ ಎತ್ತಿನಷ್ಟು.

ಇವುಗಳ ಹತ್ತಿರದ ಬಳಗವೊಂದು ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲೇ ಇದೆ. ಬಾವಲಿಯಂತೆ ತಲೆಕೆಳಗಾಗಿ ನೇತಾಡಿ ನಿದ್ದೆ ಮಾಡುವ ಪುಟ್ಟ ಹಸಿರು ಗಿಳಿ ಅದು. ಪಂಜರದ ಮಾಳಿಗೆಗೆ ನೇತುಬಿದ್ದು ಸರ್ಕಸ್ ಮಾಡುವ ಮರಿಯನ್ನು ಕಂಡಾಗ ಈ ನೆಂಟಸ್ತನ ನೆನಪಾಗುತ್ತದೆ.

ಮರಿಗಳು ಇಷ್ಟೊಂದು ಬೀಳುವುದೇಕೆ? ಮೊಟ್ಟೆಯೊಡೆದು ಸುಮಾರು ಆರು ವಾರಕ್ಕೆ ಅವು ಗೂಡು ಬಿಡುತ್ತವೆ. ಅಷ್ಟರಲ್ಲಿ ರೆಕ್ಕೆ ಬಲಿತಿರುತ್ತದೆ, ಲೆಕ್ಕ ಬಲಿತಿರುವುದಿಲ್ಲ. ಹಾರುವುದು ಸುಲಭ, ಇಳಿಯುವುದು ಕಷ್ಟ. ಎಷ್ಟು ದೂರದಲ್ಲಿ ವೇಗ ತಗ್ಗಿಸಬೇಕು, ಯಾವ ಕೊಂಬೆ ಭಾರ ತಾಳುತ್ತದೆ, ಗೋಡೆ ಮತ್ತು ಬಯಲಿಗೆ ಏನು ವ್ಯತ್ಯಾಸ ಎಂಬುದನ್ನೆಲ್ಲ ಮೈಗೆ ಬಡಿಸಿಕೊಂಡೇ ತಿಳಿಯಬೇಕು. ಪಳಗಿದ ಲವ್ ಬರ್ಡ್ ಹಾರುತ್ತಲೇ ತಿರುಗುವಾಗ ತಲೆಯನ್ನು ಸೆಕೆಂಡಿಗೆ 2,700 ಡಿಗ್ರಿಯಷ್ಟು ವೇಗದಲ್ಲಿ ಹೊರಳಿಸಬಲ್ಲದು ಎಂದು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದರು. ಅಂಥ ಕೈಚಳಕ ಎರಡು ತಿಂಗಳ ಕೂಸಿಗೆ ಎಲ್ಲಿಂದ ಬರಬೇಕು?

ಪರದೆಗೆ ಕೊಕ್ಕಿನಿಂದ ಜೋತುಬೀಳುವುದಕ್ಕೂ ಕಾರಣವುಂಟು. ಕಡಿದಾದ ಕಡೆ ಹತ್ತುವಾಗ ಲವ್ ಬರ್ಡ್‌ಗೆ ಕೊಕ್ಕು ಬರೀ ಆಸರೆಯಲ್ಲ, ಮೈಯನ್ನು ಮೇಲಕ್ಕೆ ತಳ್ಳುವ ಮೂರನೆಯ ಕಾಲು. ಈ ಸಂಗತಿಯನ್ನು 2022ರಲ್ಲಿ ಅಳೆದು ತೋರಿಸಲಾಗಿದೆ. ಹಾಗಾಗಿ ಮರಿಗೆ ಕಂಡದ್ದೆಲ್ಲ ಕೊಕ್ಕಿಗೆ ಬೇಕು: ಪರದೆ, ಕಿವಿಯೋಲೆ, ಅಂಗಿಯ ಗುಂಡಿ, ಮೊಬೈಲ್ ಚಾರ್ಜರ್ ವಯರು.

ತಡವರಿಸುವುದೂ ಕಲಿಕೆಯ ಭಾಗ ಎನ್ನುವುದಕ್ಕೆ ಇವೇ ಹಕ್ಕಿಗಳ ಒಂದು ಹಳೆಯ ಪ್ರಯೋಗ ಸಾಕ್ಷಿ. ಗುಲಾಬಿ ಮುಖದ ಜಾತಿಯ ಹೆಣ್ಣು, ಗೂಡಿಗೆ ಬೇಕಾದ ತೊಗಟೆಯ ಎಳೆಗಳನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸಿಕೊಂಡು ಒಯ್ಯುತ್ತದೆ. ಫಿಶರ್ಸ್ ಜಾತಿಯದು ಕೊಕ್ಕಿನಲ್ಲಿ ಕಚ್ಚಿ ಒಯ್ಯುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ವಿಲಿಯಂ ಡಿಲ್ಗರ್ ಇವೆರಡರ ಮಿಶ್ರತಳಿ ಬೆಳೆಸಿ, ಕಂಡದ್ದನ್ನು 1962ರಲ್ಲಿ ಬರೆದರು. ಮಿಶ್ರ ಮರಿಗಳದು ಪಡಬಾರದ ಪಾಡು. ಎಳೆಯನ್ನು ಗರಿಗೆ ಸಿಕ್ಕಿಸಲು ಹೋಗುತ್ತಿದ್ದವು, ಕೊಕ್ಕು ಬಿಡಲು ಮರೆಯುತ್ತಿದ್ದವು, ಸಿಕ್ಕಿಸಿದ್ದು ಜಾರಿ ಬೀಳುತ್ತಿತ್ತು. ಕೊಕ್ಕಿನಲ್ಲಿ ಒಯ್ಯುವುದೇ ಸರಿ ಎಂದು ರೂಢಿಯಾಗಲು ಅವಕ್ಕೆ ವರ್ಷಗಳೇ ಹಿಡಿದವು. ಆಮೇಲೂ ಒಯ್ಯುವ ಮುನ್ನ ಬೆನ್ನ ಕಡೆ ಒಮ್ಮೆ ಕತ್ತು ಹೊರಳಿಸುವ ಚಾಳಿ ಪೂರ್ತಿ ಹೋಗಲಿಲ್ಲವಂತೆ.

ಹಾಗಾದರೆ ನಮ್ಮ ಕೆಲಸವೇನು? ಬೀಳದಂತೆ ತಡೆಯುವುದಲ್ಲ, ಬಿದ್ದರೂ ಕೆಡುಕಾಗದಂತೆ ಮನೆಯನ್ನು ಸಜ್ಜು ಮಾಡುವುದು. ‘ಬೀಳತೈತಿ’ ಎಂದು ಅನೇಕರು ರೆಕ್ಕೆ ಕತ್ತರಿಸುತ್ತಾರೆ. ಕತ್ತರಿಸಿದ ಮೇಲೆ ಮರಿ ಕಲ್ಲಿನಂತೆ ಬೀಳುತ್ತದೆ, ಎದೆಯ ಮೂಳೆಗೆ ಪೆಟ್ಟಾಗುತ್ತದೆ, ಇಳಿಯುವ ಪಾಠ ಮೊದಲಿಗೇ ನಿಂತುಹೋಗುತ್ತದೆ. ಅದರ ಬದಲು ಮರಿಗೆ ಪಂಜರದ ಕೊಂಬೆಗಳನ್ನು ಕೆಳಗೆ ಕಟ್ಟಿ. ಒಂದೇ ದಪ್ಪದ ನುಣುಪು ಕೋಲು ಬೇಡ, ಸೀಬೆ ಅಥವಾ ಬೇವಿನ ಅಂಕುಡೊಂಕು ಟೊಂಗೆ ಇರಲಿ. ಕೆಳಗೆ ಹಳೆಯ ಟವೆಲ್ ಹಾಸಿ. ಹೊರಗೆ ಬಿಡುವಾಗ ಕಿಟಕಿಯ ಗಾಜಿಗೂ ಕನ್ನಡಿಗೂ ಬಟ್ಟೆ ಇಳಿಬಿಡಿ, ನೀರಿನ ಬಕೆಟ್ ಮುಚ್ಚಿ, ಅಡುಗೆಮನೆಯ ಬಾಗಿಲು ಹಾಕಿ. ನಾನ್‌ಸ್ಟಿಕ್ ತವೆ ಅತಿಯಾಗಿ ಕಾದರೆ ಬರುವ ಹೊಗೆ ನಿಮಿಷಗಳಲ್ಲಿ ಹಕ್ಕಿಯ ಜೀವ ತೆಗೆಯಬಲ್ಲದು.

ಖಾನಾಪುರ ಸೀಮೆಯ ಮಳೆಗೆ ಇನ್ನೊಂದು ಎಚ್ಚರ ಬೇಕು. ಆಷಾಢ, ಶ್ರಾವಣದ ತೇವದಲ್ಲಿ ನವಣೆ, ಸಜ್ಜೆಗೆ ಬೂಸ್ಟು ಹಿಡಿಯುತ್ತದೆ. ಅಂಥ ಕಾಳು ವಿಷ. ವಾರಕ್ಕಾಗುವಷ್ಟೇ ತಂದು, ಒಣ ಡಬ್ಬಿಯಲ್ಲಿಡಿ. ಬರೀ ಕಾಳು ತಿಂದ ಹಕ್ಕಿಗೆ ಸುಣ್ಣದ ಅಂಶ ಸಾಲದೆ ಕಾಲಿನ ಹಿಡಿತ ತಪ್ಪಬಹುದು. ತೊಳೆದ ಸೊಪ್ಪು, ಗಜ್ಜರಿ, ಕಟಲ್ ಬೋನ್ ತಪ್ಪಿಸಬೇಡಿ.

ಪುಂಡಾಟ ಯಾವುದು, ಜಡ್ಡು ಯಾವುದು ಎಂದು ಗುರುತಿಸುವುದು ಮುಖ್ಯ. ಬಿದ್ದ ಮರಿ ಎದ್ದು ಮತ್ತೆ ಪುಂಡಾಟಕ್ಕೆ ಇಳಿದರೆ ಚಿಂತೆಯಿಲ್ಲ. ಗರಿ ಉಬ್ಬಿಸಿ ಪಂಜರದ ತಳದಲ್ಲೇ ಕೂತರೆ, ಉಸಿರಿಗೊಮ್ಮೆ ಬಾಲ ಏರಿಳಿದರೆ, ಕತ್ತು ಓರೆಯಾದರೆ, ಒಂದು ರೆಕ್ಕೆ ಜೋತುಬಿದ್ದರೆ ಅದು ಪುಂಡಾಟವಲ್ಲ. ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲಲ್ಲಿ ಬೆಚ್ಚಗಿಟ್ಟು ಪಶುವೈದ್ಯರ ಬಳಿ ಒಯ್ಯಿರಿ. ಬಾಯಿಗೆ ಬಲವಂತದಿಂದ ನೀರು ಬಿಡಬೇಡಿ. ಹಕ್ಕಿ ತನ್ನ ನೋವನ್ನು ಬಚ್ಚಿಡುತ್ತದೆ. ನಮಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಇನ್ನೊಂದು ಮಾತು: ಮರಿಯ ಚಂದ ನೋಡಿ ನಮ್ಮ ಹೊಲದ ಗಿಳಿಮರಿಯನ್ನು ಹಿಡಿದು ಸಾಕುವ ಆಸೆ ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ. ಲವ್ ಬರ್ಡ್ ಸಾಕುವವರೂ ಹತ್ತು ಹದಿನೈದು ವರ್ಷದ ಜವಾಬ್ದಾರಿ ಎಂದು ತಿಳಿದೇ ತರಬೇಕು.

ನಮ್ಮ ಮರಿ ಈಗ ಕ್ಯಾಲೆಂಡರ್ ಬಿಟ್ಟಿದೆ, ಬಾಗಿಲ ಚೌಕಟ್ಟಿನ ಮೇಲೆ ನೆಟ್ಟಗೆ ಇಳಿಯುತ್ತದೆ. ಪಂಜರದ ಚಿಲಕ ಸದ್ದಾದರೆ ಸಾಕು, ಅವ್ವ ಒಳಗಿನಿಂದಲೇ ಕೂಗುತ್ತಾಳೆ: “ಮೊದಲ ಫ್ಯಾನ್ ಬಂದ್ ಮಾಡ್ರೋ!” ಹಕ್ಕಿ ಸಾಕಿದ ಪ್ರತಿಯೊಂದು ಮನೆಯಲ್ಲೂ ಈ ಕೂಗು ಇರಲಿ. ಗೋಡೆಗೆ ಬಡಿದ ಮರಿ ಎದ್ದು ಬರುತ್ತದೆ. ತಿರುಗುವ ಫ್ಯಾನಿಗೆ ಸಿಕ್ಕಿದ್ದು ಬರುವುದಿಲ್ಲ.